ಕಟ್ಟಳೆ, ಬಿಡುಗಡೆ, ಆನಂದ: ಕಥೋಲಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಮುಗಿದ ಮೇಲೆ ನಮ್ಮ ಧರ್ಮಕೇಂದ್ರದಲ್ಲಿ ನಾನು ಧರ್ಮೋಪದೇಶ ತರಗತಿ ನಡೆಸುತ್ತೇನೆ. ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳು ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಹೋಗುತ್ತಾರೆ. ಕೆಲವೊಮ್ಮೆ ಅವರ ತಂದೆತಾಯಿಯ ಚೀಟಿಗಳೂ ಅದರಲ್ಲಿ ಸೇರಿರುತ್ತವೆ. ಹೆಚ್ಚಾಗಿ ಬಂದವುಗಳಿಗೆ ನನಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಟ್ಟಳೆ ಎಂದರೆ ಕಟ್ಟಿಹಾಕುವುದಲ್ಲವೇ? ಅದರಲ್ಲಿ ಸ್ವಾತಂತ್ರ್ಯ ಎಲ್ಲಿಂದ ಬಂತು?

‘ಕಟ್ಟು’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಒಂದೇ ಮುಖವಿಲ್ಲ. ದನವನ್ನು ಗೂಟಕ್ಕೆ ಕಟ್ಟುತ್ತೇವೆ, ನಿಜ. ಮನೆಯನ್ನೂ ಕಟ್ಟುತ್ತೇವೆ, ಹೂವನ್ನೂ ಕಟ್ಟುತ್ತೇವೆ, ಬಾಳನ್ನೂ ಕಟ್ಟಿಕೊಳ್ಳುತ್ತೇವೆ. ದೇವರ ಹತ್ತು ಕಟ್ಟಳೆಗಳು ಇವುಗಳಲ್ಲಿ ಯಾವ ಬಗೆಯ ಕಟ್ಟು ಎಂಬುದೇ ನಿಮ್ಮ ಪ್ರಶ್ನೆ.

ಉತ್ತರ ಬೈಬಲಿನ ವಿಮೋಚನಾಕಾಂಡದ 20ನೇ ಅಧ್ಯಾಯದಲ್ಲಿಯೇ ಇದೆ. ಆದರೆ ನಾವು ಬಾಯಿಪಾಠ ಮಾಡುವಾಗ ಅದನ್ನು ಬಿಟ್ಟುಬಿಡುತ್ತೇವೆ. ‘ಬೇರೆ ದೇವರುಗಳು ನಿನಗಿರಬಾರದು’ ಎಂಬಲ್ಲಿಂದ ಆರಂಭಿಸುತ್ತೇವೆ. ಅದಕ್ಕೂ ಮೊದಲು, ಎರಡನೇ ವಚನದಲ್ಲಿ, ದೇವರು ಇಸ್ರಯೇಲ್ ಜನರಿಗೆ ತಮ್ಮ ಗುರುತು ಹೇಳಿಕೊಳ್ಳುತ್ತಾರೆ: ಗುಲಾಮಗಿರಿಯಲ್ಲಿದ್ದ ನಿಮ್ಮನ್ನು ಈಜಿಪ್ಟಿನಿಂದ ಹೊರಗೆ ಕರೆತಂದ ಸರ್ವೇಶ್ವರ ನಾನೇ ಎಂದು. ಕಟ್ಟಳೆಗಳು ಬರುವುದು ಆ ಮಾತಿನ ನಂತರ.

ಈ ಅನುಕ್ರಮ ಬಹಳ ಮುಖ್ಯ. ಬಿಡುಗಡೆಯಾಗಲು ಕಟ್ಟಳೆಗಳ ಪಾಲನೆಯೇ ಷರತ್ತಾಗಿದ್ದರೆ ಅವರ ನಾಯಕ ಮೋಶೆ ಕಟ್ಟಳೆಗಳ ಕಲ್ಲಿನ ಹಲಗೆಗಳನ್ನು ಈಜಿಪ್ಟಿಗೇ ಹೊತ್ತು ತರಬೇಕಾಗಿತ್ತು. ‘ಮೊದಲು ಇವನ್ನು ಪಾಲಿಸಿ ತೋರಿಸಿ, ಆಮೇಲೆ ಬಿಡಿಸುತ್ತೇನೆ’ ಎಂದು ದೇವರು ಹೇಳಲಿಲ್ಲ. ಸಮುದ್ರ ದಾಟಿಯಾಗಿತ್ತು, ದೇವರು ಕೊಟ್ಟ ಮನ್ನ ಎಂಬ ಆಹಾರ ತಿಂದಾಗಿತ್ತು, ಬಂಡೆಯಿಂದ ನೀರು ಕುಡಿದಾಗಿತ್ತು. ಆಮೇಲೆ ಕಟ್ಟಳೆಗಳು ಬಂದ ಸಿನಾಯಿ ಬೆಟ್ಟ.

ಆ ಜನ ಎಂಥವರಾಗಿದ್ದರೆಂದು ಒಮ್ಮೆ ನೆನೆಯಿರಿ. ಇಟ್ಟಿಗೆ ಮಾಡಲು ಈಜಿಪ್ಟಿನ ದೊರೆ ಫರೋಹ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಹುಲ್ಲನ್ನು ನೀವೇ ಆರಿಸಿ ತನ್ನಿ, ಆದರೆ ದಿನದ ಇಟ್ಟಿಗೆಯ ಲೆಕ್ಕದಲ್ಲಿ ಒಂದೂ ಕಡಿಮೆಯಾಗಬಾರದು ಎಂದ. ಲೆಕ್ಕ ತಪ್ಪಿದರೆ ಏಟು. ಹಾಗೆ ತಲೆತಲಾಂತರ ಬದುಕಿದವರಿಗೆ ಹೊಡೆಯುವವನಿಲ್ಲದ ಬದುಕು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಮರುಭೂಮಿಯಲ್ಲಿ ಹಸಿವಾದೊಡನೆ ಈಜಿಪ್ಟಿನ ಮಾಂಸದ ಪಾತ್ರೆಗಳನ್ನು ನೆನೆದು ಅತ್ತರು. ಗುಲಾಮಗಿರಿ ಅವರ ಮೈಯಿಂದ ಇಳಿದಿತ್ತು, ಮನಸ್ಸಿನಿಂದ ಇಳಿದಿರಲಿಲ್ಲ. ಅಂಥ ಜನ ಮತ್ತೆ ಗುಲಾಮರಾಗದಂತೆ, ತಮ್ಮೊಳಗೇ ಒಬ್ಬರನ್ನೊಬ್ಬರು ಗುಲಾಮರನ್ನಾಗಿ ಮಾಡಿಕೊಳ್ಳದಂತೆ ಕೊಟ್ಟ ಮಾತುಗಳು ಇವು. ಹೀಬ್ರೂ ಬೈಬಲಿನಲ್ಲಿ ಇವುಗಳ ಹೆಸರು ಆಜ್ಞೆಗಳೆಂದಲ್ಲ, ‘ಹತ್ತು ಮಾತುಗಳು’ ಎಂದೇ ಇದೆ.

ಪ್ರೊಟೆಸ್ಟೆಂಟ್ ಗೆಳೆಯರ ಪಟ್ಟಿಯಲ್ಲಿ ಸಂಖ್ಯೆಗಳು ಬೇರೆ ಇವೆ. ನಮ್ಮದು ತಪ್ಪೇ?

ಇಲ್ಲ. ಬೈಬಲಿನಲ್ಲಿ ಕಟ್ಟಳೆಗಳಿಗೆ ಸಂಖ್ಯೆ ಹಾಕಿಲ್ಲ. ನಾವು ಸಂತ ಅಗಸ್ಟೀನರ ವಿಂಗಡಣೆಯನ್ನು ಅನುಸರಿಸುತ್ತೇವೆ. ಅದರಲ್ಲಿ ವಿಗ್ರಹದ ಮಾತು ಮೊದಲನೆಯ ಕಟ್ಟಳೆಯೊಳಗೇ ಸೇರಿದೆ. ಪರರ ಹೆಂಡತಿಯನ್ನು ಬಯಸುವುದು, ಪರರ ಸೊತ್ತನ್ನು ಬಯಸುವುದು ಒಂಬತ್ತು ಮತ್ತು ಹತ್ತಾಗಿ ಬೇರೆ ಬೇರೆ ನಿಲ್ಲುತ್ತವೆ. ಲುಥೆರನ್ ಸಭೆಯವರೂ ಹೆಚ್ಚುಕಡಿಮೆ ಹೀಗೆಯೇ ಎಣಿಸುತ್ತಾರೆ. ಬೇರೆಯವರು ಬೇರೆ ಬಗೆಯಲ್ಲಿ ಎಣಿಸಿದರೂ ಒಟ್ಟು ವಿಷಯ ಒಂದೇ.

ಮನಸ್ಸಿಗೆ ಬಂದಂತೆ ಮಾಡುವುದೇ ಸ್ವಾತಂತ್ರ್ಯವಲ್ಲವೇ?

ಅತಿ ಹೆಚ್ಚು ಚೀಟಿಗಳಲ್ಲಿ ಬಂದ ಪ್ರಶ್ನೆ ಇದು. ಬೈಬಲಿನ ಬದಲು ವಯಲಿನ್‌ನಿಂದ ಉತ್ತರ ಆರಂಭಿಸುತ್ತೇನೆ.

ನನ್ನ ಅಣ್ಣನ ಮಗಳು ಎಂಟು ವರ್ಷದವಳಿದ್ದಾಗ ಕರ್ನಾಟಕ ಸಂಗೀತದ ಪಾಠಕ್ಕೆ ಸೇರಿದಳು. ಮೊದಲ ಕೆಲವು ತಿಂಗಳು ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆ ಎಂಬ ಆರಂಭದ ಸ್ವರಾಭ್ಯಾಸ ಬಿಟ್ಟು ಇನ್ನೇನೂ ಇರಲಿಲ್ಲ. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಬೆರಳು ಒಂದು ಎಳೆ ಜಾರಿದರೂ ಗುರುಗಳು ನಿಲ್ಲಿಸಿ ಮತ್ತೆ ಮೊದಲಿನಿಂದ ನುಡಿಸು ಎನ್ನುತ್ತಿದ್ದರು. ಅವಳು ಅಳುತ್ತಾ ಮನೆಗೆ ಬಂದ ದಿನಗಳಿವೆ. ಹತ್ತು ವರ್ಷಗಳ ನಂತರ ಒಂದು ಸಂಜೆ ಅವಳು ಶಂಕರಾಭರಣದಲ್ಲಿ ಕಲ್ಪನಾಸ್ವರ ನುಡಿಸುವುದನ್ನು ಕೇಳಿದೆ. ಯಾರೂ ಬರೆದುಕೊಟ್ಟ ಸ್ವರಗಳಲ್ಲ ಅವು. ಆ ಕ್ಷಣ ಅವಳೊಳಗೆ ಹುಟ್ಟಿ ಬೆರಳ ತುದಿಗೆ ಬಂದವು. ಶುದ್ಧ ಮಧ್ಯಮದ ಜಾಗದಲ್ಲಿ ಪ್ರತಿಮಧ್ಯಮ ಹಿಡಿಯಲು ಅವಳಿಗೆ ಅಡ್ಡಿಯಿರಲಿಲ್ಲ. ಹಿಡಿದಿದ್ದರೆ ಶಂಕರಾಭರಣ ಕೆಟ್ಟು ರಾಗ ಕಲ್ಯಾಣಿಯ ಕಡೆಗೆ ಹೊರಳುತ್ತಿತ್ತು. ಅವಳು ಹಿಡಿಯಲಿಲ್ಲ, ಹಿಡಿಯಬೇಕೆಂದು ಅನ್ನಿಸಲೂ ಇಲ್ಲ. ಹೀಗೆ ಸ್ವಂತವಾಗಿ ಹೊಮ್ಮುವ ಸಂಗೀತಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ‘ಮನೋಧರ್ಮ’. ಅತ್ಯಂತ ಸ್ವತಂತ್ರವಾದುದಕ್ಕೇ ಧರ್ಮ ಎಂಬ ಹೆಸರು ಕೊಟ್ಟಿದ್ದಾರೆ ನೋಡಿ.

ವಯಲಿನ್ ಕಲಿಯದ ನಾನೂ ಕಮಾನನ್ನು ಮನಸ್ಸಿಗೆ ಬಂದಂತೆ ಎಳೆಯಬಹುದು. ಆ ‘ಸ್ವಾತಂತ್ರ್ಯ’ದಿಂದ ಒಂದು ಕೀರ್ತನೆಯನ್ನೂ ನುಡಿಸಲಾರೆ. ಕಥೋಲಿಕ ಧರ್ಮಸಭೆ ಸ್ವಾತಂತ್ರ್ಯ ಎನ್ನುವಾಗ ಹೇಳುವುದು ಹುಡುಗಿಯ ಸ್ವಾತಂತ್ರ್ಯವನ್ನು. ಆಯ್ಕೆ ಮಾಡುವ ಶಕ್ತಿ ಎಲ್ಲರಿಗೂ ಇದೆ, ಅದು ದೇವರ ಕೊಡುಗೆ. ಒಳ್ಳೆಯದನ್ನು ಆಯ್ಕೆ ಮಾಡುತ್ತಾ ಹೋದಂತೆ ಆ ಶಕ್ತಿ ಬೆಳೆಯುತ್ತದೆ, ಕೆಟ್ಟದ್ದನ್ನು ಆಯ್ಕೆ ಮಾಡುತ್ತಾ ಹೋದಂತೆ ಕುಗ್ಗುತ್ತದೆ. ಒಳ್ಳೆಯದನ್ನು ಮಾಡಿದಷ್ಟೂ ಮನುಷ್ಯ ಹೆಚ್ಚು ಸ್ವತಂತ್ರನಾಗುತ್ತಾನೆ ಎಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1733ನೇ ಪರಿಚ್ಛೇದ ಹೇಳುತ್ತದೆ. ಮೊದಲ ಲೋಟ ಕುಡಿಯುವವನು ತಾನಾಗಿ ಕುಡಿಯುತ್ತಾನೆ. ಇಪ್ಪತ್ತು ವರ್ಷಗಳ ನಂತರ ಬೆಳಗ್ಗೆ ಕೈ ನಡುಗುತ್ತಾ ಅಂಗಡಿಯ ಬಾಗಿಲು ತೆರೆಯುವುದನ್ನೇ ಕಾಯುವವನನ್ನು ತಾನಾಗಿ ಕಾಯುತ್ತಿದ್ದಾನೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಪಾಪ ಮಾಡುವವನು ಪಾಪದ ಗುಲಾಮ ಎಂದು ಯೇಸುಸ್ವಾಮಿ ಹೇಳಿದ್ದು ಇದನ್ನೇ.

ಹತ್ತರಲ್ಲಿ ಎಂಟು ಕಟ್ಟಳೆಗಳು ‘ಬೇಡ’ ಎನ್ನುತ್ತವೆ. ಇಷ್ಟೊಂದು ‘ಬೇಡ’ ಏಕೆ?

‘ಬೇಡ’ ಎಂಬುದು ಒಂದೇ ಬಾಗಿಲನ್ನು ಮುಚ್ಚುತ್ತದೆ. ‘ಇದನ್ನೇ ಮಾಡು’ ಎಂಬುದು ಉಳಿದೆಲ್ಲ ಬಾಗಿಲುಗಳನ್ನೂ ಮುಚ್ಚುತ್ತದೆ. ಕದಿಯಬೇಡ ಎಂದ ದೇವರು ನೀನು ರೈತನಾಗು, ಬಡಗಿಯಾಗು ಎಂದು ಹೇಳಲಿಲ್ಲ. ಅದನ್ನು ನಮಗೇ ಬಿಟ್ಟರು.

ಇನ್ನೊಂದು ವಿಷಯವಿದೆ. ಪೋಪ್ ಸಂತ ಎರಡನೇ ಜಾನ್ ಪಾಲ್ 1993ರಲ್ಲಿ ನೈತಿಕ ಬದುಕಿನ ಬಗ್ಗೆ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲಿ ಇದನ್ನು ವಿವರಿಸುತ್ತಾರೆ. ಒಳ್ಳೆಯ ಕೆಲಸ ಮಾಡದಂತೆ ಒಬ್ಬನನ್ನು ತಡೆಯಬಹುದು: ಕಾಯಿಲೆ ತಡೆಯಬಹುದು, ಬಡತನ ತಡೆಯಬಹುದು, ಸೆರೆಮನೆ ತಡೆಯಬಹುದು. ಆದರೆ ಸಾಯಲು ಸಿದ್ಧನಾದವನಿಂದ ಕೆಟ್ಟ ಕೆಲಸವನ್ನು ಮಾಡಿಸುವುದು ಯಾವ ರಾಜನಿಗೂ ಸಾಧ್ಯವಿಲ್ಲ. ‘ಬೇಡ’ ಎಂಬ ಕಟ್ಟಳೆಯನ್ನು ಎಂಥ ಸ್ಥಿತಿಯಲ್ಲೂ ಪಾಲಿಸಬಹುದು. ಮನುಷ್ಯನಿಂದ ಯಾರೂ ಕಸಿಯಲಾಗದ ಕೊನೆಯ ಸ್ವಾತಂತ್ರ್ಯ ಅಲ್ಲಿದೆ.

ಇದು ಬರಿಯ ಮಾತಲ್ಲ. ಆಸ್ಟ್ರಿಯದ ಫ್ರಾನ್ಜ್ ಯೇಗರ್‌ಸ್ಟೆಟರ್ ಒಬ್ಬ ರೈತ, ತನ್ನ ಹಳ್ಳಿಯ ಚರ್ಚಿನ ಸೇವಕ, ಮೂರು ಪುಟ್ಟ ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ತಂದೆ. ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಆಯುಧ ಹಿಡಿದು ಕೊಲ್ಲಲಾರೆ ಎಂದು 1943ರ ಮಾರ್ಚ್‌ನಲ್ಲಿ ಹೇಳಿದ. ಊರಿನವರು, ಚರ್ಚಿನ ಗುರುಗಳು (ಪಾದ್ರಿಗಳು), ಧರ್ಮಾಧ್ಯಕ್ಷರೂ (ಬಿಷಪ್) ಸಹ ಹೆಂಡತಿ ಮಕ್ಕಳ ಮುಖ ನೋಡು ಎಂದರು. ಅವನ ನಿರ್ಧಾರ ಬದಲಾಗಲಿಲ್ಲ. ಸಂಕಲ್ಪಕ್ಕೆ ಸಂಕೋಲೆ ಬೀಳುವುದಕ್ಕಿಂತ ಕೈಗೆ ಬೀಳುವುದೇ ಮೇಲು ಎಂಬ ಅರ್ಥದ ಮಾತನ್ನು ಸೆರೆಮನೆಯಲ್ಲಿ ಬರೆದಿಟ್ಟ. 1943ರ ಆಗಸ್ಟ್ 9ರಂದು ಅವನ ಶಿರಚ್ಛೇದವಾಯಿತು. 2007ರಲ್ಲಿ ಲಿನ್ಜ್ ನಗರದಲ್ಲಿ ಅವನನ್ನು ಪುನೀತನೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಿದಾಗ ತೊಂಬತ್ತು ದಾಟಿದ್ದ ಅವನ ಹೆಂಡತಿ ಫ್ರಾನ್ಜಿಸ್ಕಾ ಆ ಬಲಿಪೂಜೆಯಲ್ಲಿದ್ದರು. ತರಗತಿಯಲ್ಲಿ ಈ ಕಥೆ ಹೇಳುವಾಗ ನನ್ನ ದನಿ ಪ್ರತಿ ಸಲ ತಡೆಯುತ್ತದೆ.

ನಮ್ಮಂಥ ಸಾಮಾನ್ಯರ ಬದುಕಿನಲ್ಲಿ ಈ ಸ್ವಾತಂತ್ರ್ಯ ಕಾಣುತ್ತದೆಯೇ?

ನಾನು ಕಂಡದ್ದನ್ನು ಹೇಳುತ್ತೇನೆ. ನನ್ನ ಅಜ್ಜನಿಗೆ ಹಳ್ಳಿಯಲ್ಲಿ ಒಂದು ದಿನಸಿ ಅಂಗಡಿ ಇತ್ತು. ಬೇಳೆ ತೂಗುವ ಮೊದಲು ತಕ್ಕಡಿಯ ಎರಡೂ ತಟ್ಟೆಗಳನ್ನು ಕವುಚಿ ಅಂಗೈಯಿಂದ ತಟ್ಟುತ್ತಿದ್ದರು. ಹಿಂದಿನ ಗಿರಾಕಿಯ ಬೆಲ್ಲದ ಪುಡಿ ಅಂಟಿದ್ದರೆ ಬಾಯಿಂದ ಊದುತ್ತಿದ್ದರು. ಮುಳ್ಳು ನಡುವೆ ನಿಂತ ಮೇಲೆ ಇನ್ನೊಂದು ಚಿಟಿಕೆ ಹಾಕುತ್ತಿದ್ದರು. ತೂಕ ಪರೀಕ್ಷಿಸುವ ಅಧಿಕಾರಿ ಊರಿಗೆ ಬಂದನೆಂದು ಸುದ್ದಿಯಾದರೆ ಬೀದಿಯಲ್ಲಿ ಓಡಾಟ ಆರಂಭವಾಗುತ್ತಿತ್ತು, ಕೆಲವು ತೂಕದ ಬಟ್ಟುಗಳು ಮೂಟೆಗಳ ಸಂದಿಗೆ ಹೋಗುತ್ತಿದ್ದವು. ಅಜ್ಜ ಓದುತ್ತಿದ್ದ ಪತ್ರಿಕೆಯ ಹಾಳೆಯನ್ನೂ ಮಡಚುತ್ತಿರಲಿಲ್ಲ. ಕದಿಯಬೇಡ ಎಂಬ ಏಳನೆಯ ಕಟ್ಟಳೆ ಅವರಿಗೆ ಹೊರೆಯಾಗಿತ್ತೇ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಪತ್ರಿಕೆ.

ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯದೂ ಹೀಗೆಯೇ. ಸುಳ್ಳು ಹೇಳುವವನು ಯಾರಿಗೆ ಏನು ಹೇಳಿದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಸತ್ಯ ಹೇಳಿದವನಿಗೆ ಆ ಕೆಲಸವಿಲ್ಲ.

ಭಾನುವಾರ ಬಲಿಪೂಜೆಗೆ ಬರಲೇಬೇಕು ಎಂಬ ನಿಯಮದಲ್ಲಿ ಪ್ರೀತಿ ಎಲ್ಲಿದೆ?

ಮೊದಲು ವಿಶ್ರಾಂತಿ ದಿನದ ಬಗೆಗಿನ ಮೂರನೆಯ ಕಟ್ಟಳೆಯನ್ನೇ ಬೈಬಲಿನ ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಓದಿ. ಏಳನೆಯ ದಿನ ನೀನು ಮಾತ್ರವಲ್ಲ, ನಿನ್ನ ಆಳು, ನಿನ್ನ ದಾಸಿ, ನಿನ್ನ ಎತ್ತು, ನಿನ್ನ ಕತ್ತೆ, ನಿನ್ನೂರಿನಲ್ಲಿರುವ ಪರದೇಶಿ, ಎಲ್ಲರೂ ವಿಶ್ರಮಿಸಬೇಕು. ಕಾರಣವನ್ನೂ ಅಲ್ಲಿಯೇ ಹೇಳಿದೆ: ನೀನೂ ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ ಎಂಬುದನ್ನು ನೆನೆಸಿಕೋ. ಫರೋಹ ಒಂದು ದಿನವೂ ರಜೆ ಕೊಡಲಿಲ್ಲ. ರಜೆಯನ್ನು ಕಟ್ಟಳೆಯನ್ನಾಗಿ ಮಾಡಿದವರು ದೇವರು. ಮನೆಗೆಲಸದ ಹೆಂಗಸಿಗೆ ವಾರಕ್ಕೊಂದು ದಿನ ಬಿಡುವು ಕೊಡದೆ ಮುಂಜಾನೆಯ ಪೂಜೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತರೆ ಈ ಕಟ್ಟಳೆಯ ಅರ್ಧವನ್ನು ಮುರಿದಂತೆಯೇ ಎಂದು ನನ್ನ ಅಭಿಪ್ರಾಯ.

ಇನ್ನು ಬಲಿಪೂಜೆಯ ಮಾತು. ರೋಮಿನ ಡಯೊಕ್ಲೀಷಿಯನ್ ಚಕ್ರವರ್ತಿ ಕ್ರೈಸ್ತರ ಸಭೆಗಳನ್ನು ನಿಷೇಧಿಸಿದ್ದ ಕಾಲ. ಕ್ರಿ.ಶ. 304ರಲ್ಲಿ ಉತ್ತರ ಆಫ್ರಿಕದ ಅಬಿತೀನ ಎಂಬ ಊರಿನಲ್ಲಿ ಒಂದು ಮನೆಯಲ್ಲಿ ಸೇರಿದ್ದ 49 ಮಂದಿಯನ್ನು ಹಿಡಿದು ಕಾರ್ಥೇಜಿಗೆ ಒಯ್ದರು. ಆಜ್ಞೆ ಮೀರಿ ಏಕೆ ಸೇರಿದಿರಿ ಎಂದು ನ್ಯಾಯಾಧಿಕಾರಿ ಕೇಳಿದ. ಪ್ರಭುವಿನ ಭೋಜನವಿಲ್ಲದೆ ನಾವು ಇರಲಾರೆವು ಎಂದು ಅವರಲ್ಲೊಬ್ಬನಾದ ಎಮೆರಿತುಸ್ ಉತ್ತರ ಕೊಟ್ಟ. ಅವರನ್ನು ಬಲವಂತಪಡಿಸುತ್ತಿದ್ದ ಅಧಿಕಾರ ಬರಬೇಡ ಎನ್ನುತ್ತಿತ್ತು, ಅವರು ಬಂದರು. ಬರಲೇಬೇಕು ಎಂಬ ನಿಯಮದ ಬೇರು ಆ ‘ಇರಲಾರೆವು’ ಎಂಬ ಮಾತಿನಲ್ಲಿದೆ. ಪ್ರೀತಿ ಮಂಕಾದ ವಾರವೂ ಕಾಲುಗಳು ದಾರಿ ಮರೆಯದಿರಲಿ ಎಂದು ಧರ್ಮಸಭೆ ಅದನ್ನು ನಿಯಮವಾಗಿ ಹಿಡಿದಿಟ್ಟಿದೆ.

ಕಾಯಿಲೆಯವರಿಗೆ, ಹಸುಗೂಸನ್ನು ನೋಡಿಕೊಳ್ಳುವವರಿಗೆ, ಗಂಭೀರ ಕಾರಣ ಇರುವವರಿಗೆ ಈ ಕರ್ತವ್ಯದ ಹೊಣೆಯಿಲ್ಲ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಸಾಕು. ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುವ ದಾದಿಯರು ಅಪರಾಧ ಭಾವದಿಂದ ಕೊರಗುವುದನ್ನು ನೋಡಿದ್ದೇನೆ. ಕೊರಗಬೇಡಿ, ನಿಮ್ಮ ಗುರುಗಳೊಡನೆ ಮಾತಾಡಿ.

ದೇವರ ಕಟ್ಟಳೆ, ಧರ್ಮಸಭೆಯ ಕಟ್ಟಳೆ ಎರಡೂ ಒಂದೇ ತೂಕದವೇ?

ಅಲ್ಲ. ಹತ್ತು ಕಟ್ಟಳೆಗಳು ಮನುಷ್ಯನ ಸ್ವಭಾವದಲ್ಲಿಯೇ ಬೇರೂರಿದವು, ಅವು ಬದಲಾಗುವುದಿಲ್ಲ. ಧರ್ಮಸಭೆಯ ಐದು ಕಟ್ಟಳೆಗಳು ಕನಿಷ್ಠ ಮಟ್ಟವನ್ನು ಗುರುತಿಸುತ್ತವೆ: ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆ, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ (ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಳ್ಳುವುದು), ಪಾಸ್ಖಕಾಲದಲ್ಲಾದರೂ (ಈಸ್ಟರ್ ಕಾಲ) ಪರಮ ಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕಾರ, ನೇಮಿತ ದಿನಗಳಲ್ಲಿ ಉಪವಾಸ ಮತ್ತು ಮಾಂಸ ವರ್ಜನೆ, ಧರ್ಮಸಭೆಯ ಅಗತ್ಯಗಳಿಗೆ ಕೈಲಾದ ನೆರವು. ವರ್ಷಕ್ಕೊಮ್ಮೆ ಎಂಬ ನಿಯಮ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯದು.

ಇವುಗಳ ವಿವರಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ನನ್ನ ಅಜ್ಜಿ ಚಿಕ್ಕವರಿದ್ದಾಗ ಪರಮ ಪ್ರಸಾದ ಸ್ವೀಕರಿಸಬೇಕಾದರೆ ನಡುರಾತ್ರಿಯಿಂದ ತೊಟ್ಟು ನೀರನ್ನೂ ಕುಡಿಯುವಂತಿರಲಿಲ್ಲ. 1957ರಲ್ಲಿ ಅದು ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಅನ್ವಯಿಸುತ್ತದೆ. ಮಾಂಸ ವರ್ಜನೆ 14 ತುಂಬಿದವರಿಗೆಲ್ಲ. ಸಕ್ಕರೆ ಕಾಯಿಲೆಯವರು ಔಷಧಿ ಬಿಟ್ಟು ಉಪವಾಸ ಮಾಡುವುದು ಭಕ್ತಿಯಲ್ಲ.

ನನ್ನ ಮನಸ್ಸಾಕ್ಷಿ ಒಂದು ಹೇಳುತ್ತದೆ, ಧರ್ಮಸಭೆ ಇನ್ನೊಂದು ಹೇಳುತ್ತದೆ. ಯಾರ ಮಾತು ಕೇಳಲಿ?

ಮನಸ್ಸಾಕ್ಷಿ ಮನುಷ್ಯನ ಗರ್ಭಗುಡಿ, ಅಲ್ಲಿ ಅವನು ದೇವರೊಡನೆ ಒಬ್ಬನೇ ಇರುತ್ತಾನೆ ಎಂಬ ಅರ್ಥದ ಮಾತನ್ನು ಜಗತ್ತಿನ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಖಚಿತವಾಗಿ ನುಡಿಯುವ ಮನಸ್ಸಾಕ್ಷಿಯನ್ನು ಮೀರಬಾರದು. ಆದರೆ ಗರ್ಭಗುಡಿಯಲ್ಲಿ ಕೇಳಿಸುವ ದನಿಯೆಲ್ಲ ದೇವರದಲ್ಲ. ನನ್ನ ಹಠ, ನನ್ನ ಭಯ, ನೆರೆಹೊರೆಯವರ ಮಾತು, ಮೊಬೈಲಿನಲ್ಲಿ ನೋಡಿದ್ದು, ಎಲ್ಲವೂ ಅಲ್ಲಿ ಪಿಸುಗುಟ್ಟುತ್ತವೆ. ಆದ್ದರಿಂದ ಮನಸ್ಸಾಕ್ಷಿಯನ್ನು ರೂಪಿಸಿಕೊಳ್ಳುವುದೂ ಕರ್ತವ್ಯವೇ. ಪ್ರಶ್ನೆ ಕೇಳುವವರಿಗೆ ನಾನು ಒಂದು ಮಾತು ಕೇಳುತ್ತೇನೆ: ನಿಮ್ಮ ಮನಸ್ಸಾಕ್ಷಿ ನಿಮಗೆ ಕಷ್ಟವಾದದ್ದನ್ನು ಎಂದಾದರೂ ಹೇಳಿದೆಯೇ? ಯೇಗರ್‌ಸ್ಟೆಟರನ ಮನಸ್ಸಾಕ್ಷಿ ಹೇಳಿದ್ದು ಅವನ ಪ್ರಾಣವನ್ನೇ ಕೇಳುವಂಥದ್ದು. ಸದಾ ನನಗೆ ಅನುಕೂಲವಾದದ್ದನ್ನೇ ಹೇಳುವ ದನಿ ಮನಸ್ಸಾಕ್ಷಿಯದೋ ಅಲ್ಲವೋ ಎಂದು ಪರೀಕ್ಷಿಸಬೇಕು. ಮತ್ತೆ, ವಿಧೇಯತೆಯ ಹೆಸರಿನಲ್ಲಿ ಯಾರಾದರೂ, ಎಂಥ ಸ್ಥಾನದಲ್ಲಿದ್ದರೂ, ಪಾಪ ಮಾಡು ಎಂದರೆ ಅದಕ್ಕೆ ವಿಧೇಯರಾಗುವ ಅಗತ್ಯವಿಲ್ಲ.

ಎಲ್ಲವನ್ನೂ ಪಾಲಿಸುತ್ತೇನೆ. ಆದರೂ ಸಂತೋಷವಿಲ್ಲ. ಏಕೆ?

ಈ ಚೀಟಿ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಬರೆದವರು ಮಕ್ಕಳಲ್ಲ ಎಂದು ಅಕ್ಷರ ನೋಡಿದರೇ ತಿಳಿಯುತ್ತಿತ್ತು.

ನೀವು ಒಬ್ಬರೇ ಅಲ್ಲ. ಮತ್ತಾಯನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಒಬ್ಬ ಧನಿಕ ಯುವಕ ಯೇಸುಸ್ವಾಮಿಯ ಬಳಿಗೆ ಬರುತ್ತಾನೆ. ಕಟ್ಟಳೆಗಳನ್ನೆಲ್ಲ ಪಾಲಿಸಿದ್ದೇನೆ, ಇನ್ನೇನು ಕೊರತೆ ಎಂದು ಕೇಳುತ್ತಾನೆ. ‘ಇನ್ನೇನು ಕೊರತೆ’ ಎಂಬ ಮಾತನ್ನು ಗಮನಿಸಿ. ಅವನಿಗೂ ಏನೋ ಸಾಲದು ಅನ್ನಿಸಿತ್ತು. ನೀನು ಪಾಲಿಸಿದ್ದು ಸಾಕಾಗಿಲ್ಲ, ಇನ್ನಷ್ಟು ನಿಯಮಗಳನ್ನು ಹಿಡಿ ಎಂದು ಯೇಸು ಹೇಳಲಿಲ್ಲ. ಆಸ್ತಿ ಮಾರಿ ಬಡವರಿಗೆ ಕೊಟ್ಟು ನನ್ನೊಡನೆ ಬಾ ಎಂದರು. ಯುವಕ ದುಃಖದಿಂದ ಹೊರಟುಹೋದ. ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದರು ಎಂದು ಬರೆದದ್ದು ಮಾರ್ಕನು ಮಾತ್ರ. ಹಾಗಾದರೆ ಕಟ್ಟಳೆ ಆನಂದವನ್ನು ತಾನೇ ತಯಾರಿಸುವುದಿಲ್ಲ. ಅದು ಆನಂದದತ್ತ ಹೋಗುವ ದಾರಿಯ ಅಂಚು. ಅಂಚು ತಪ್ಪದೆ ನಿಂತಲ್ಲೇ ನಿಂತವನು ಊರು ಸೇರುವುದಿಲ್ಲ.

ಸಂತ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ನೈತಿಕ ಬದುಕಿನ ಬಗ್ಗೆ ಬರೆಯಲು ಕುಳಿತಾಗ ಮೊದಲ ಐದು ಪ್ರಶ್ನೆಗಳನ್ನು ಮೀಸಲಿಟ್ಟದ್ದು ಮನುಷ್ಯನ ಅಂತಿಮ ಗುರಿಗೆ, ಪರಮಾನಂದಕ್ಕೆ. ನಿಯಮದ ಮಾತು ಬರುವುದು 90ನೇ ಪ್ರಶ್ನೆಯಲ್ಲಿ! ಇಂದಿನ ಧರ್ಮೋಪದೇಶ ಗ್ರಂಥದಲ್ಲೂ ಅಷ್ಟಭಾಗ್ಯಗಳು (ಯಾರು ಧನ್ಯರು ಎಂದು ಯೇಸು ಹೇಳಿದ ಮಾತುಗಳು) ಮೊದಲು, ಸ್ವಾತಂತ್ರ್ಯ ಆಮೇಲೆ, ಹತ್ತು ಕಟ್ಟಳೆಗಳು ಎಷ್ಟೋ ಪುಟಗಳ ನಂತರ. ನಾವು ಮಕ್ಕಳಿಗೆ ಕಲಿಸುವಾಗ ಇದನ್ನು ತಲೆಕೆಳಗು ಮಾಡಿದ್ದೇವೆ. ತಪ್ಪು ನನ್ನದೂ ಹೌದು, ಮೊದಲ ಕೆಲವು ವರ್ಷ ನಾನೂ ಹಾಗೆಯೇ ಕಲಿಸಿದೆ.

ಆನಂದ ಎಂದರೆ ನೋವಿಲ್ಲದ ಸ್ಥಿತಿಯೂ ಅಲ್ಲ. ನನ್ನ ಕಟ್ಟಳೆಗಳನ್ನು ಪಾಲಿಸಿದರೆ ನನ್ನ ಪ್ರೀತಿಯಲ್ಲಿ ನೆಲೆಸುವಿರಿ, ನನ್ನ ಆನಂದ ನಿಮ್ಮಲ್ಲಿರಲಿ, ನಿಮ್ಮ ಆನಂದ ತುಂಬಿಬರಲಿ ಎಂದೇ ಇದನ್ನು ಹೇಳಿದ್ದೇನೆ ಎಂಬ ಮಾತು ಯೊವಾನ್ನನ ಶುಭಸಂದೇಶದ 15ನೇ ಅಧ್ಯಾಯದಲ್ಲಿದೆ. ಅದನ್ನು ಹೇಳಿದ್ದು ಸೆರೆಸಿಕ್ಕುವ ರಾತ್ರಿ. ಮರುದಿನ ಶಿಲುಬೆ.

ಒಂದು ವೇಳೆ ನಿಮ್ಮ ದುಃಖ ವಾರಗಟ್ಟಲೆ ಬಿಡದೆ, ಊಟ ನಿದ್ದೆಗಳನ್ನೂ ಕೆಡಿಸುತ್ತಿದ್ದರೆ ಅದು ಭಕ್ತಿಯ ಕೊರತೆ ಎಂದುಕೊಳ್ಳದೆ ವೈದ್ಯರನ್ನೂ ಕಾಣಿ.

ಮಾಡಿದ್ದೆಲ್ಲ ಪಾಪವೇ ಇರಬಹುದೆಂಬ ಭಯ ನನ್ನನ್ನು ಬಿಡುವುದಿಲ್ಲ.

ಸಂತ ಇಗ್ನೇಷಿಯಸ್ ಲೊಯೋಲರೂ ಸ್ಪೇನಿನ ಮನ್ರೇಸ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಹೀಗೆಯೇ ನರಳಿದರು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳಿದರು. ಇದು ಸೂಕ್ಷ್ಮ ಮನಸ್ಸಾಕ್ಷಿಯಲ್ಲ, ಗಾಯಗೊಂಡ ಮನಸ್ಸಾಕ್ಷಿ. ಒಬ್ಬರೇ ಗುರುಗಳ ಬಳಿ ಪಾಪನಿವೇದನೆ ಮಾಡಿ, ಅವರು ಸಾಕು ಎಂದರೆ ಸಾಕು ಎಂದೇ ನಂಬಿ.

ಒಂದೇ ಪಾಪದಲ್ಲಿ ಮತ್ತೆ ಮತ್ತೆ ಬೀಳುತ್ತೇನೆ. ನನಗೆ ಸ್ವಾತಂತ್ರ್ಯವೇ ಇಲ್ಲವೇನೋ.

ಬಯಸಿದ ಒಳಿತನ್ನು ಮಾಡದೆ ಬಯಸದ ಕೆಡುಕನ್ನೇ ಮಾಡುತ್ತೇನೆ ಎಂದು ಸಂತ ಪೌಲರೇ ರೋಮನರಿಗೆ ಬರೆದರು. ಅಭ್ಯಾಸ, ಭಯ, ಒತ್ತಾಯಗಳು ಒಬ್ಬನ ಹೊಣೆಯನ್ನು ತಗ್ಗಿಸಬಹುದು ಎಂದು ಧರ್ಮಸಭೆ ಸ್ಪಷ್ಟವಾಗಿ ಕಲಿಸುತ್ತದೆ. ಕಟ್ಟಳೆಯನ್ನು ಬರಿಯ ಮನೋಬಲದಿಂದ ಪಾಲಿಸಿ ಎಂದು ಅದು ಯಾರಿಗೂ ಹೇಳಿಲ್ಲ. ದೈವಕೃಪೆ ಬೇಕು, ಸಂಸ್ಕಾರಗಳು ಬೇಕು, ಜೊತೆಗೆ ಮನುಷ್ಯರೂ ಬೇಕು. ಕುಡಿತವಾದರೆ ಚಿಕಿತ್ಸೆ, ಮೊಬೈಲಾದರೆ ರಾತ್ರಿ ಅದನ್ನು ಬೇರೆ ಕೋಣೆಯಲ್ಲಿಡುವುದು. ಬಿದ್ದ ದಿನವೇ ಏಳುವುದನ್ನು ಕಲಿಯಿರಿ.

ಹದಿನೇಳು ವರ್ಷದ ಮಗ ಚರ್ಚಿಗೆ ಬರುವುದಿಲ್ಲ ಎನ್ನುತ್ತಾನೆ. ಎಳೆದುಕೊಂಡು ಬರಬೇಕೇ?

ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು ಎಂದು 1965ರ ಡಿಸೆಂಬರ್ 7ರಂದು ಎರಡನೇ ವ್ಯಾಟಿಕನ್ ಮಹಾಸಭೆ ಘೋಷಿಸಿತು. ಮಕ್ಕಳನ್ನು ನಂಬಿಕೆಯಲ್ಲಿ ಬೆಳೆಸುವ ಹೊಣೆ ತಂದೆತಾಯಿಯದೇ, ಅದೂ ಸುಳ್ಳಲ್ಲ. ಆದರೆ ಹದಿನೇಳರ ಹುಡುಗನನ್ನು ತೋಳು ಹಿಡಿದು ಎಳೆದರೆ ಬರುವುದು ಅವನ ಮೈ ಮಾತ್ರ. ಅವನ ಪ್ರಶ್ನೆಯನ್ನು ಪೂರ್ತಿ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಪ್ರತಿ ಭಾನುವಾರ ಕರೆಯಿರಿ, ಕೋಪವಿಲ್ಲದೆ. ಪೂಜೆಯಿಂದ ಮನೆಗೆ ಬಂದ ಮೇಲೆ ನಿಮ್ಮ ಮಾತಿನಲ್ಲಿ ಏನಾದರೂ ಮೃದುವಾಗಿದೆಯೇ ಎಂದು ಅವನು ನೋಡುತ್ತಿರುತ್ತಾನೆ.

ಪಾಪನಿವೇದನೆ ಮಾಡಿ ಹನ್ನೆರಡು ವರ್ಷಗಳಾದವು. ಪ್ರಾರ್ಥನೆಗಳೂ ಮರೆತುಹೋಗಿವೆ. ಹೇಗೆ ಹೋಗಲಿ?

ಹಾಗೆಯೇ ಹೋಗಿ. ಮೊಣಕಾಲೂರಿ ‘ಹನ್ನೆರಡು ವರ್ಷಗಳಾದವು, ಹೇಗೆಂದು ಮರೆತಿದ್ದೇನೆ’ ಎಂದು ಹೇಳಿ. ಮುಂದಿನದನ್ನು ಗುರುಗಳು ನಡೆಸಿಕೊಡುತ್ತಾರೆ. ಹೇಳಿದ್ದು ಯಾವ ಕಾರಣಕ್ಕೂ ಅವರ ಬಾಯಿಂದ ಹೊರಬರುವಂತಿಲ್ಲ. ನೆನಪಿಗೆ ಬಂದ ಘೋರ ಪಾಪಗಳನ್ನು ಮರೆಮಾಚದೆ ಹೇಳಿ. ಪ್ರಾಮಾಣಿಕವಾಗಿ ಮರೆತವೂ ಕ್ಷಮಿಸಲ್ಪಡುತ್ತವೆ. ಹಬ್ಬದ ಹಿಂದಿನ ದಿನ ಸಾಲು ಉದ್ದವಿರುತ್ತದೆ, ಸಾಮಾನ್ಯ ವಾರದಲ್ಲಿ ಬಲಿಪೂಜೆಗೆ ಅರ್ಧ ಗಂಟೆ ಮೊದಲೇ ಹೋಗಿ, ಇಲ್ಲವೇ ಗುರುಗಳಿಗೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ.